ನಾಚಾರಂನಲ್ಲಿ ಓದಿಸಿದ ಕಾಲಿನ ಜಾತಕ

ಕಲಬುರಗಿಯಿಂದ ಬೆಳಗಿನ ರೈಲು ಹಿಡಿದು ಲಿಂಗಂಪಲ್ಲಿಯಲ್ಲಿ ಇಳಿದಾಗ ಕಾರ್ತಿಕದ ಬಿಸಿಲು ಹಿತವಾಗಿತ್ತು. ಕೂಕಟ್‌ಪಲ್ಲಿಯಲ್ಲಿರುವ ನನ್ನ ಅಕ್ಕ ಸುಶೀಲಾ ಕರೆಸಿಕೊಂಡಿದ್ದಳು. ಬರುವ ಆಷಾಢದಲ್ಲಿ ಪಂಢರಪುರದ ವಾರಿ ಯಾತ್ರೆಗೆ ನಡೆದೇ ಹೋಗಬೇಕೆಂಬುದು ಅವಳ ಹಟ. ವಯಸ್ಸಾದವರ ಸ್ನಾಯು ಸವೆಯುವುದನ್ನು ರಕ್ತದಲ್ಲೇ ಮೊದಲು ಪತ್ತೆ ಹಚ್ಚಲು ನಾಚಾರಂನ ಒಂದು ಪ್ರಯೋಗಾಲಯದವರು ಸಂಶೋಧನೆ ನಡೆಸಿದ್ದರು. ಅಕ್ಕನೂ ರಕ್ತ ಕೊಟ್ಟಿದ್ದಳು. ಈಗ ‘ಬಂದು ಮಾತಾಡಿ’ ಎಂದು ಫೋನ್ ಬಂದಿತ್ತು. ಒಬ್ಬಳೇ ಹೋಗಲು ಅವಳಿಗೆ ಜೀವ ಪುಕಪುಕ ಎನ್ನುತ್ತಿತ್ತು.

ಮರುದಿನ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಹಬ್ಸಿಗೂಡದಲ್ಲಿ ಇಳಿದೆವು. ಆಟೋದವನು ಬಾಯಿಗೆ ಬಂದ ದರ ಹೇಳಿದ. ಅಕ್ಕ ತೆಲುಗಿನಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುವಷ್ಟರಲ್ಲಿ ಅರ್ಧಕ್ಕೆ ಇಳಿದ. ಅವಳ ಬಾಯಿಯ ಸ್ನಾಯುವಿಗಂತೂ ಯಾವ ಸವೆತವೂ ತಾಗಿರಲಿಲ್ಲ.

ಕಾರ್ಖಾನೆಗಳ ನಡುವೆ ಎರಡಂತಸ್ತಿನ ಕಟ್ಟಡ. ಡಾಕ್ಟರ್ ವಸುಧಾ ರಾಯಚೂರು ಮೂಲದವರು, ಹುಟ್ಟಿ ಬೆಳೆದದ್ದು ಇಲ್ಲೇ. ಅಕ್ಕನ ಕೈಹಿಡಿತ ಅಳೆದರು, ಕೈಯೂರದೆ ಕುರ್ಚಿಯಿಂದ ಏಳಿಸಿದರು. ಎರಡರಲ್ಲೂ ಅಕ್ಕ ಪಾಸು.

“ಮತ್ತ ಕರಿಸಿದ್ದ್ಯಾಕ್ರಿ?” ಎಂದಳು.

“ಕೈಕಾಲು ಇನ್ನೂ ಹೇಳವಲ್ಲವು, ರಕ್ತ ಹೇಳಲಿಕ್ಕತ್ತದ. ನರ ಸ್ನಾಯುವಿಗೆ ಕೂಡೋ ಜಾಗ ಸವದ್ರ ಒಂದು ಪ್ರೋಟೀನ್ ಚೂರು ರಕ್ತಕ್ಕ ಬರ್ತದ. ನಿಮ್ಮದರಾಗ ಅದು ಹೆಚ್ಚದ. ಅದೊಂದನ್ನ ನಂಬಿ ಹೇಳೂದಿಲ್ರಿ, ಉಳಿದ ಗುರುತೂ ಅದೇ ದಿಕ್ಕು ತೋರಸ್ತಾವ.”

ಕಾಲು ಸೋಲುವ ಮೊದಲೇ ರಕ್ತ ಬಾಯಿಬಿಡುತ್ತದೆಂದರೆ! ನಾನು ದಂಗಾದೆ. ಅಕ್ಕನ ಮುಖ ಮಾತ್ರ ಸಪ್ಪಗಾಯಿತು. “ಹಂಗಾರ ವಾರಿ?” ಎಂದಳು.

ಡಾಕ್ಟರು ಊಟ ವಿಚಾರಿಸಿದರು. ಅಕ್ಕ ಚಾತುರ್ಮಾಸ್ಯದ ವ್ರತ ಹೇಳಿದಳು: ಮೊದಲ ತಿಂಗಳು ತರಕಾರಿ ಬಿಟ್ಟಳು, ಆಮೇಲೆ ಮೊಸರು, ಆಮೇಲೆ ಹಾಲು, ಈಗ ಬೇಳೆ ಬಿಟ್ಟಿದ್ದಳು.

“ಹಾಲಿನ ತಿಂಗಳು ಮುಗೀತು. ಈಗ ಹಾಲು ಮೊಸರು ತಗೋತೀರಲ್ರಿ?”

“ಇಲ್ರಿ. ಬಿಟ್ಟದ್ದು ಬಿಟ್ಟಂಗೇ. ಉತ್ಥಾನ ದ್ವಾದಶಿ ತನಕ ಎಲ್ಲಾ ಬಂದ್. ಪ್ರತಿ ವರ್ಷಾ ಹಿಂಗ.”

“ನಮ್ಮ ಅಜ್ಜಿನೂ ಇದೇ ವ್ರತ ಹಿಡೀತಿದ್ರು. ಒಂದು ತಿಂಗಳು ಬಿಟ್ಟದ್ದು ಮುಂದಿನ ತಿಂಗಳು ಎಲಿಗೆ ಬರ್ತಿತ್ತು. ಹಾಲು, ಮೊಸರು, ಬ್ಯಾಳಿ ಎಲ್ಲಾ ಒಮ್ಮೆಲೇ ಬಿಟ್ರ ಸ್ನಾಯು ಸವೀತಾವ. ವ್ರತ ಮುರೀಬ್ಯಾಡ್ರಿ, ಇದ್ದಷ್ಟೇ ಹಿಡೀರಿ. ಇವತ್ತಿಂದ ಹಾಲು, ಮೊಸರು. ದ್ವಾದಶಿ ಆದ ಮ್ಯಾಲ ಬ್ಯಾಳಿ. ದಿನಾ ಕೂತು ಏಳೋ ವ್ಯಾಯಾಮ. ಲಗೂ ಗೊತ್ತಾಗ್ಯದ, ವಾರಿಗೆ ಹೋಗೂವಂತ್ರಿ.”

ಮಾತ್ರೆ ಬರೆಯುವ ಬದಲು ವ್ರತವನ್ನೇ ತಿದ್ದಿದ ಆ ಡಾಕ್ಟರಮ್ಮನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಸಂಜೆ ಅಕ್ಕ ಹಾಲು ಕಾಯಿಸಿ ದೇವರಿಗೆ ನೈವೇದ್ಯ ತೋರಿಸಿದಳು. ಕುಡಿಯುತ್ತ ಕಣ್ಣೊರೆಸಿಕೊಂಡಳು. “ವಿಠ್ಠಲ ಕೇಳಿದ್ದು ಒಂದು ತಿಂಗಳ ಹಾಲು. ನಾ ಹುಚ್ಚಿ, ಕಾಲೇ ಕೊಡಲಿಕ್ಕೆ ಹೊಂಟಿದ್ದೆ.”

ಮರುದಿನ ನನ್ನನ್ನು ಬೀಳ್ಕೊಡಲು ಲಿಂಗಂಪಲ್ಲಿಗೆ ಬಂದಳು. ರೈಲು ಮೆಲ್ಲಗೆ ಹೊರಟರೂ ಕಿಟಕಿಯ ಪಕ್ಕ ನಡೆಯುತ್ತಲೇ ಇದ್ದಳು. “ಸಾಕು, ನಿಲ್ಲು ಅಕ್ಕಾ” ಎಂದು ಕೂಗಿದೆ. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಅವಳು ನಿಲ್ಲಲಿಲ್ಲ.