ಕೆಳಗಿನ ಮನೆಯ ಟಿವಿಯಲ್ಲಿ ನನ್ನ ಮಗಳು

"ಏನ್ ಚೆನ್ನಾಗ್ ನಿದ್ದೆ ಮಾಡ್ತಾಳಮ್ಮಾ ನಿನ್ ಮಗಳು! ನಮ್ಮ ಟಿವಿಲಿ ಅವಳ ಫೋಟೋ ಬಂತು" ಎಂದು ಕೆಳಗಿನ ಮನೆಯ ಆಂಟಿ ಹೇಳಿದರು. ಮಗಳು ಮಲಗಿರುವ ಫೋಟೋಗಳನ್ನು ನಾವು ಯಾರಿಗೂ ಕಳಿಸಿರಲಿಲ್ಲ. ಅವು ಇದ್ದದ್ದು ನಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಓಡಿಬಂದು ಗಂಡನನ್ನು ಕೇಳಿದೆ. ಅವರು ಲ್ಯಾಪ್‌ಟಾಪ್ ತೆರೆದು ನೋಡಿದರು.

"ಇದಕ್ಕೆ ವಿಂಡೋಸ್ ಬದ್ಲು ಲಿನಕ್ಸ್ ಹಾಕ್ದಾಗ ಹೊರಗಿನವ್ರು ನುಗ್ಗದ ಹಾಗೆ ಫೈರ್‌ವಾಲ್ ತಾನಾಗೇ ಆನ್ ಇತ್ತು ಕಣೇ. ಇದ್ರಿಂದ ನಮ್ಮ ಟಿವಿಗೆ ಫೋಟೋ ಬರ್ತಿಲ್ಲ ಅಂತ ನಾನೇ ಆಫ್ ಮಾಡ್ದೆ. ಈಗ ಅದೇ ವೈಫೈಲಿರೋ ಎಲ್ಲಾ ಟಿವಿಗೂ ಹೋಗ್ತಿದೆ."

ಕೆಂಗೇರಿ ಉಪನಗರದ ನಮ್ಮ ಕಟ್ಟಡದಲ್ಲಿ ಮೂರು ಮನೆಗೂ ಒಂದೇ ವೈಫೈ. ನನ್ನ ಗಂಡ ತಕ್ಷಣ ಫೈರ್‌ವಾಲ್ ಆನ್ ಮಾಡಿದರು. ಆದರೆ ಮೇಲಿನ ಮನೆಯ ಬಾಡಿಗೆದಾರರು ಆಗಲೇ ಖಾಲಿ ಮಾಡಿ ಹೋಗಿದ್ದರು. ಅವರೂ ಆ ಫೋಟೋಗಳನ್ನು ನೋಡಿದ್ದರೋ, ಉಳಿಸಿಕೊಂಡಿದ್ದರೋ ತಿಳಿಯದು; ಅವರು ಯಾರೆಂದು ನಮಗೆ ಸರಿಯಾಗಿ ಗೊತ್ತೂ ಇರಲಿಲ್ಲ.

ಈಗ ಬೀದಿಯಲ್ಲಿ ಅಪರಿಚಿತರು ಮಗಳನ್ನು ಮಾತಾಡಿಸಿದರೂ, ಅವಳನ್ನು ಎದೆಗವಚಿಕೊಂಡು ಬೇಗಬೇಗ ಮುಂದೆ ನಡೆಯುತ್ತೇನೆ.