ಗುಂಡು ಹಾರದ ಜಪಾನಿ ಬಂದೂಕುಗಳ ಲಕ್ಕಪ್ಪ

ಬೈಲಹೊಂಗಲದ ಬಜಾರಿನಲ್ಲಿ ಚಹಾದಂಗಡಿ ಇನ್ನೂ ತೆರೆದಿಲ್ಲ. ಲಕ್ಕಪ್ಪ ಕಂಬಾರ ತಮ್ಮ ದುರಸ್ತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ ಹಳೆಯ ಬಂದೂಕೊಂದನ್ನು ತಿಕ್ಕುತ್ತಿದ್ದಾರೆ. ಬಂದೂಕಿನ ತುದಿಯಿಂದ ಬುಡದವರೆಗೆ ಬೆಳ್ಳಿ ಬಣ್ಣ. ಕಿತ್ತೂರು ಕಡೆಯ ಹಳ್ಳಿಯ ನಾಟಕದವರು ಕೋಟೆಯ ಕಾವಲುಗಾರನ ಪಾತ್ರದವನ ಕೈಗೆ ಕೊಡಲೆಂದು ಒಯ್ದಿದ್ದರು. ಒಯ್ಯುವಾಗ ಕೈಮುಗಿದವರು, ತಂದುಕೊಡುವಾಗ ಮಾತ್ರ ನಸುಕಿನಲ್ಲೇ ಬಂದು ಬಾಗಿಲಿಗೆ ಆನಿಸಿಟ್ಟು ಹೋಗಿದ್ದಾರೆ.

“ಬಣ್ಣಾ ಯಾಕ್ ಹಚ್ಚೀರಿ ಅಂತ ಫೋನ್ ಮಾಡಿ ಕೇಳಿದೆ. ಲೈಟಿನಾಗ ಮಿಂಚಲಿ ಅಂತ ಹಚ್ಚೇವ್ರಿ ಅಂದ್ರು. ಇದಕ್ಕೇನ್ ಹೇಳೂದು?” ಎನ್ನುತ್ತಾರೆ ಲಕ್ಕಪ್ಪ.

ಒಳಗಿಂದ ಹೆಂಡತಿ ಶೆಟ್ಟೆವ್ವನ ಉತ್ತರ ಬರುತ್ತದೆ: “ಕೊಡಬ್ಯಾಡ್ರಿ ಅಂದ್ರ ಕೊಡ್ತೀರಿ. ಆಮ್ಯಾಗ ಓಣಿ ಎಬ್ಬಸ್ತೀರಿ. ಬಂದೂಕಿಗೆ ಹಚ್ಚೂದು ಬಿಟ್ಟು ನಿಮ್ಮ ಬಾಯಿಗೆ ಹಚ್ಚಬೇಕಾಗಿತ್ತು ಅವರು.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಇಂಥ ಬಂದೂಕುಗಳು ಗೋಡೆಯುದ್ದಕ್ಕೂ ನಿಂತಿವೆ. ಎಲ್ಲವೂ ಜಪಾನಿನವು, ಒಂದೂ ಯುದ್ಧ ಕಂಡದ್ದಲ್ಲ. ಅಲ್ಲಿಯ ಶಾಲೆಗಳಲ್ಲಿ ಹುಡುಗರಿಗೆ ಸಿಪಾಯಿ ಕವಾಯತು ಕಲಿಸಲು ಮಾಡಿದ ತಾಲೀಮಿನ ಬಂದೂಕುಗಳಿವು. ನೋಡಲಿಕ್ಕೆ ಥೇಟು ಅಸಲಿ. ಆದರೆ ಮದ್ದು ಸಿಡಿಯುವ ಜಾಗ ಪೆಡಸಾದ ಬೀಡುಕಬ್ಬಿಣದ್ದು, ನಳಿಗೆ ಮೆದು ಕಬ್ಬಿಣದ್ದು. ಬರೀ ಸದ್ದು ಮಾಡುವ ಹುಸಿ ತೋಟಾ ಅಷ್ಟೇ ತಡೆಯುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಹರೆಗೆಂದು ಜಪಾನಿಗೆ ಹೋದ ಪಲ್ಟನ್ನುಗಳಲ್ಲಿ ಈ ಸೀಮೆಯ ಸಿಪಾಯಿಗಳೂ ಇದ್ದರು. ಅಲ್ಲಿಯ ಶಾಲೆಗಳಲ್ಲಿ ರಾಶಿ ಹಾಕಿದ್ದ ಈ ಬಂದೂಕುಗಳನ್ನು ಸುಡುವ ಮೊದಲು ಕೆಲವರು ಒಂದೊಂದನ್ನು ನೆನಪಿಗೆಂದು ಎತ್ತಿಕೊಂಡು ಬಂದರು. ಆ ಸಿಪಾಯಿಗಳು ಈಗಿಲ್ಲ. ಬಂದೂಕುಗಳು ಮಾತ್ರ ಸವದತ್ತಿ, ರಾಮದುರ್ಗದ ಹಳ್ಳಿಗಳ ಪಡಸಾಲೆಗಳಲ್ಲಿ ತೂಗಾಡುತ್ತಿವೆ. ಪ್ರತಿ ಮನೆಯಲ್ಲೂ ಒಂದೇ ಕಥೆ: ಅಜ್ಜ ಇದನ್ನು ರಣಾಂಗಣದಲ್ಲಿ ಜಪಾನಿಯವನ ಕೈಯಿಂದ ಕಸಿದುಕೊಂಡದ್ದು.

ಲಕ್ಕಪ್ಪನವರ ಹೊಟ್ಟೆಪಾಡು ಬೇರೆ. ತಂದೆಯಿಂದ ಬಂದ ಬಂದೂಕು ದುರಸ್ತಿಯ ಪರವಾನಗಿ ಇದೆ. ಆದರೆ ಬೆಳೆ ಕಾಯುವ ಬಂದೂಕಿನವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ದಿನದ ಕೆಲಸವೆಂದರೆ ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪು, ಮೇವು ಕತ್ತರಿಸುವ ಯಂತ್ರದ ಬ್ಲೇಡು, ಕೀಲಿ ಕಳೆದ ಟ್ರಂಕು. ಬೆಳಗಿನಿಂದ ಸಂಜೆಯವರೆಗೆ ಸಾಣೆಯ ಮುಂದೆ ನಿಂತು ಒಂದು ಕಿವಿ ಮಂದವಾಗಿದೆ. ಆ ಕಿವಿಯ ಕಡೆಗೆ ನಿಂತೇ ಗಿರಾಕಿಗಳು ಚೌಕಾಶಿ ಮಾಡುತ್ತಾರೆಂಬುದು ಅವರ ದೂರು.

ಈ ಸಂಗ್ರಹ ಶೋಕಿಗೆ ಹುಟ್ಟಿದ್ದಲ್ಲ. ಕೆಲವು ವರ್ಷಗಳ ಹಿಂದೆ ರಾಮದುರ್ಗದ ಕಡೆಯ ವಿರೂಪಾಕ್ಷ ಎಂಬ ರೈತ ಇಂಥದ್ದೊಂದನ್ನು ತಂದು, ಕಾಡುಹಂದಿ ಹೊಡೆಯುವಂತೆ ಮಾಡಿಕೊಡಿರಿ ಎಂದ. ಆಗದು, ಇದು ಮುಖಕ್ಕೇ ಸಿಡಿಯುತ್ತದೆ ಎಂದು ಲಕ್ಕಪ್ಪ ಬಿಡಿಸಿ ಹೇಳಿದರು. ಹೆಚ್ಚು ರೊಕ್ಕ ಕೀಳಲು ಆಟ ಹೂಡಿದ್ದಾನೆಂದು ವಿರೂಪಾಕ್ಷ ತಿಳಿದ. ಬೇರೆ ಊರಿನ ಲೇಥಿನವನಿಂದ ನಳಿಗೆ ಕೊರೆಸಿ, ಮದ್ದು ತುಂಬಿ, ಹೊಲದಲ್ಲಿ ಹಾರಿಸಿಯೂ ಬಿಟ್ಟ. ಹಂದಿ ಓಡಿಹೋಯಿತು. ವಿರೂಪಾಕ್ಷನ ಎಡಗೈ ಬೆರಳುಗಳು ಹೋದವು, ಒಂದು ಕಣ್ಣೂ ಹೋಯಿತು. ಇವತ್ತಿಗೂ ಅವನ ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕು.

“ಅವತ್ತಿನಿಂದ ಎಲ್ಲೆಲ್ಲಿ ಜಪಾನಿ ಬಂದೂಕ ಐತಿ ಅಂತ ಕೇಳಿದ್ನೋ ಅಲ್ಲೆಲ್ಲಾ ಹೋಗೇನಿ,” ಎನ್ನುತ್ತಾರೆ. “ಕೊಡ್ರಿ ಅಂದ್ರ ಕೊಡಂಗಿಲ್ಲ. ಹೊಡೀಬ್ಯಾಡ್ರಿ ಅಂದ್ರ ಕೇಳಂಗಿಲ್ಲ. ಇವ್ನೌನ, ಇದನ್ಯಾಕ ಮೈಮ್ಯಾಲೆ ಹಾಕ್ಕೊಂಡ್ನೋ ಅನ್ಸತೈತಿ.”

ಕೇಳಿದ ಕೂಡಲೇ ಯಾರೂ ಕೊಡದಿರಲು ಕಾರಣವಿದೆ. ಮಹಾನವಮಿಯಂದು ಮನೆಯ ಕಬ್ಬಿಣವೆಲ್ಲ ಪೂಜೆಗೆ ಕೂರುವಾಗ ನಡುವೆ ಇರುವುದು ಅಜ್ಜನ ಬಂದೂಕು. ಆ ಜಾಗ ಖಾಲಿ ಬಿಡುವಂತಿಲ್ಲ. ಹಾಗಾಗಿ ಲಕ್ಕಪ್ಪ ಬರಿಗೈಯಲ್ಲಿ ಹೋಗುವುದಿಲ್ಲ. ಲಾರಿಯ ಹಳೆಯ ಕಮಾನುಪಟ್ಟಿ ಕಾಯಿಸಿ, ಬಡಿದು, ತಾವೇ ಮಾಡಿದ ಖಡ್ಗವೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಾರೆ. ಬಂದೂಕು ಎದ್ದ ಜಾಗದಲ್ಲಿ ಖಡ್ಗ ಕೂರಬೇಕು. ಕೆಲವರು ಒಪ್ಪುತ್ತಾರೆ. ಕೆಲವರು ಖಡ್ಗ ಇಟ್ಟುಕೊಂಡು, ಬಂದೂಕಿನ ಮಾತು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ.

ಚುನಾವಣೆ ಬಂತೆಂದರೆ ಇನ್ನೊಂದು ಪಜೀತಿ. ಪರವಾನಗಿಯ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಒಮ್ಮೆ ಹೊಸದಾಗಿ ಬಂದ ಪೇದೆಯೊಬ್ಬ ಗೋಡೆಗೆ ನಿಂತವನ್ನು ನೋಡಿ, ಇವನ್ನೂ ತನ್ನಿ ಎಂದ. ಬಾಡಿಗೆ ಟೆಂಪೋದಲ್ಲಿ ಹೇರಿಕೊಂಡು ಹೋದರೆ, ಹಾರದ ಬಂದೂಕು ಇಟ್ಟುಕೊಳ್ಳಲು ತಮಗೆ ಜಾಗವಿಲ್ಲವೆಂದು ಠಾಣೆಯವರು ತಿರುಗಿ ಕಳಿಸಿದರು. ಬೀದಿಯಲ್ಲಿ ನೋಡಿದವರು ಮಾತ್ರ, ಲಕ್ಕಪ್ಪನ ಮನೆಯಲ್ಲಿ ಬಂದೂಕಿನ ರಾಶಿ ಸಿಕ್ಕಿತಂತೆ ಎಂದು ವಾರವಿಡೀ ಆಡಿಕೊಂಡರು. ಶೆಟ್ಟೆವ್ವ ಆ ವಾರ ಸಂತೆಗೆ ಹೋಗಲಿಲ್ಲ.

ಈ ಮಳೆಗಾಲದಲ್ಲಿ ಅವರನ್ನು ಸುಸ್ತು ಮಾಡಿದ್ದು ಮುನವಳ್ಳಿ. ಅಲ್ಲಿಯ ಗುರುನಾಥನ ಹೊಲ ನವಿಲುತೀರ್ಥ ಆಣೆಕಟ್ಟಿನ ಕೆಳಗೆ ಹೊಳೆಯ ದಂಡೆಗಿದೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ಬರುತ್ತವೆ. ಅವನ ಮನೆಯ ಜಪಾನಿ ಬಂದೂಕಿಗೆ ನಳಿಗೆ ಕೊರೆಸುವ ಮಾತು ನಡೆದಿದೆಯೆಂದು ಸುದ್ದಿ ಬಂದದ್ದೇ ತಡ, ಲಕ್ಕಪ್ಪ ಅಂಗಡಿ ಮುಚ್ಚಿ ಹೊರಟರು.

ಬಂದೂಕು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ವರ್ಷ ಕಂಡವೆಲ್ಲ ಸವೆದವು, ಮುರಿದವು. ಇದರ ಕಟ್ಟಿಗೆಯ ಹಿಡಿಯಲ್ಲಿ ಶಾಲೆಯ ಮುದ್ರೆ ಸುಟ್ಟು ಬರೆದಂತೆ ಹಾಗೇ ಇದೆ. ಧೂಳು ತಡೆಯುವ ತಗಡಿನ ಮುಚ್ಚಳ ಕೂಡ ಹಿಂದೆ ಮುಂದೆ ಸಲೀಸಾಗಿ ಜಾರುತ್ತದೆ. ಅದನ್ನು ನೋಡಿದ ಖುಷಿಯಲ್ಲೇ ಅವರು ಆಡಬಾರದ ಮಾತು ಆಡಿದರು. ಇದು ಸಾಲಿ ಹುಡುಗರ ಬಂದೂಕೆಂದರು.

ಗುರುನಾಥನ ತಾಯಿ ಸಾವಂತ್ರೆವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. ಬಂದೂಕು ತಂದ ಸಿಪಾಯಿ ಅವಳ ಮಾವ.

“ಹಂಗಾರ ನಮ್ಮ ಮಾವ ಸಾಲಿ ಹುಡುಗರ ಕೂಡ ಯುದ್ಧಾ ಮಾಡಿ ಬಂದಾನೇನಪಾ? ಏಳು, ಬಸ್ಸಿನ ಹೊತ್ತಾತು ನಿಂದು.”

ಎರಡನೆಯ ಸಲ ಖಡ್ಗ ಒಯ್ದರು. ಸಾವಂತ್ರೆವ್ವ ಅದಕ್ಕೆ ಕುಂಕುಮ ಹಚ್ಚಿ ಒಳಗಿಟ್ಟಳು, ಬಂದೂಕಿನ ಮಾತೆತ್ತಲಿಲ್ಲ. ಮೂರನೆಯ ಸಲ ಹೋದಾಗ ಬಂದೂಕು ಕಟ್ಟೆಯ ಮೇಲೆ ಮಲಗಿತ್ತು, ಪಕ್ಕದಲ್ಲಿ ಮದ್ದಿನ ಡಬ್ಬಿ. ಮರುದಿನ ಲೇಥಿನವನ ಹತ್ತಿರ ಒಯ್ಯುವುದೆಂದು ಗುರುನಾಥ ಹೇಳಿದ. ಕಾಕಾ, ನೀವೇ ಕೊರೆದುಕೊಟ್ಟರೆ ಅಲ್ಲಿಗೆ ಹೋಗುವ ಸುತ್ತು ತಪ್ಪುತ್ತದೆ ಎಂದೂ ಸೇರಿಸಿದ.

ಲಕ್ಕಪ್ಪನವರ ತಾಳ್ಮೆ ಅಲ್ಲಿಗೆ ಹರಿಯಿತು.

“ಹೊಡಿಯೋ ತಮ್ಮಾ, ಹೊಡಿ. ಆದ್ರ ಯಾವ ಕೈ ಬ್ಯಾಡಾಗೇತಿ ನಿನಗ, ಅದನ್ನಿಷ್ಟ ಹೇಳು. ಯವ್ವಾ, ನೀವೂ ಕೇಳ್ರಿ. ಊಟಾ ಮಾಡಸಾಕ, ಅಂಗಿ ತೊಡಸಾಕ ನಿಮಗ ಈ ವಯಸ್ಸಿನಾಗ ಆಗ್ತೈತೇನು?”

ಗುರುನಾಥ ನಕ್ಕ. ಸಾವಂತ್ರೆವ್ವ ನಗಲಿಲ್ಲ. ಯಾರಿಗೆ ಹಾಗಾಯಿತೆಂದು ಕೇಳಿದಳು. ಲಕ್ಕಪ್ಪ ವಿರೂಪಾಕ್ಷನ ಹೆಸರು, ಊರು ಹೇಳಿದರು. ಅವನ ಮನೆಯವರ ಫೋನ್ ನಂಬರ್ ಕೊಟ್ಟು, ನನ್ನ ಮಾತು ಬೇಡ, ಅವರನ್ನೇ ಕೇಳಿರಿ ಎಂದರು. ಸಾವಂತ್ರೆವ್ವ ಮಗನ ಕೈಯಿಂದಲೇ ಫೋನ್ ಹಚ್ಚಿಸಿದಳು. ಆ ಕಡೆಯ ಹೆಣ್ಣುಮಗಳು ಏನು ಹೇಳಿದಳೋ, ಇವಳು ಬಹಳ ಹೊತ್ತು ಹೂಂ, ಹೂಂ ಎನ್ನುತ್ತಲೇ ಇದ್ದಳು. ಫೋನ್ ಇಟ್ಟವಳು ಮೊದಲು ಮದ್ದಿನ ಡಬ್ಬಿ ಎತ್ತಿ ನೀರಿನ ಬಕೀಟಿನಲ್ಲಿ ಮುಳುಗಿಸಿದಳು.

“ಇದರ ಬಾಯಿ ಮುಚ್ಚಿ ಕೊಡು. ಮತ್ತ ತೆರೀಬಾರ್ದು. ಆದ್ರ ಬಂದೂಕ ಮನಿ ಬಿಡಂಗಿಲ್ಲ. ಸಾಲಿ ಹುಡುಗರ ಮಾತು ಊರಾಗ ಆಡಂಗಿಲ್ಲ.”

ಖಡ್ಗ ತಿರುಗಿ ಕೊಡುವ ಮಾತು ಅವಳು ಆಡಲಿಲ್ಲ. ಲಕ್ಕಪ್ಪನವರೂ ಕೇಳಲಿಲ್ಲ.

ಮುನವಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಜಾಗ ಕೇಳಿಕೊಂಡು ಅವರೇ ಕೆಲಸಕ್ಕೆ ಕುಳಿತರು. ನಳಿಗೆಯೊಳಗೆ ಉದ್ದಕ್ಕೂ ಸರಳು ಹೊಡೆದು, ಹಿಂದೆ ಮುಂದೆ ಬೆಸುಗೆ ಹಾಕಬೇಕು. ಹಾಕಿದ ಮೇಲೆ ಅದು ಬರೀ ಕಬ್ಬಿಣದ ದಿಂಡು. ಈ ವಸ್ತುಗಳನ್ನು ಜೋಪಾನ ಮಾಡುವವನು, ಕಂಡದ್ದರಲ್ಲೇ ಚಂದದ್ದನ್ನು ತನ್ನ ಕೈಯಿಂದ ಕೆಡಿಸುವ ಕೆಲಸ ಅದು. ಶಾಲೆಯ ಮುದ್ರೆಗೆ ಕಾವು ತಾಗದಂತೆ ಕಟ್ಟಿಗೆಗೆ ಹಸಿ ಗೋಣಿ ಸುತ್ತಿದರು. ವೆಲ್ಡಿಂಗಿನವನು, ಹೇಗೂ ಮುಚ್ಚುವ ಬಂದೂಕಿಗೆ ಇಷ್ಟು ಆರೈಕೆ ಏತಕ್ಕೆ ಎಂದು ಕೇಳಿದ. ಬಾಯಿ ಮುಚ್ಚಿಕೊಂಡು ಸರಳು ಹಿಡಿ ಎಂದರು ಲಕ್ಕಪ್ಪ.

ಮರಳಿ ಬಂದ ದಿನ ಶೆಟ್ಟೆವ್ವ ಗೋಣಿ ಬಿಚ್ಚಿ ನೋಡಿದಳು. ಬಂದೂಕೂ ಇಲ್ಲ, ಖಡ್ಗವೂ ಇಲ್ಲ. ಮುಂದಿನ ಸಲ ಹೋದರೆ ಗೋಣಿಯನ್ನೂ ಅಲ್ಲೇ ಬಿಟ್ಟು ಬನ್ನಿ, ಹೊರುವುದಾದರೂ ತಪ್ಪುತ್ತದೆ ಎಂದಳು.

ಮುನವಳ್ಳಿಯ ಬಂದೂಕನ್ನು ನಿಮ್ಮ ಸಂಗ್ರಹದ ಲೆಕ್ಕಕ್ಕೆ ಹಿಡಿಯಬಹುದೇ ಎಂದರೆ ಲಕ್ಕಪ್ಪ ಸಾಣೆ ನಿಲ್ಲಿಸುತ್ತಾರೆ. ಹಿಡಿಯಿರಿ, ಅದು ಅಲ್ಲಿದೆ ಅಷ್ಟೇ ಎನ್ನುತ್ತಾರೆ. ಇನ್ನೂ ಯಾವ ಯಾವ ಪಡಸಾಲೆಯಲ್ಲಿ ಇಂಥವು ತೂಗಾಡುತ್ತಿವೆಯೋ ಅವರಿಗೆ ಗೊತ್ತಿಲ್ಲ. ಕೈಯಲ್ಲಿ ಪಂಪು ಹಿಡಿದ ಗಿರಾಕಿಯೊಬ್ಬ ಎದುರಿಗೆ ನಿಂತು ಅವಸರ ಮಾಡುತ್ತಿದ್ದಾನೆ. ಪತ್ರಿಕೆಯಲ್ಲಿ ಏನಾದರೂ ಬರೆಯಬೇಕೇ ಎಂದಾಗ ಮೊದಲು ಏನೂ ಬೇಡವೆಂದು ಕೈಯಾಡಿಸುತ್ತಾರೆ. ಆಮೇಲೆ ಗಿರಾಕಿಯನ್ನು ತಡಿ ಎಂದು ನಿಲ್ಲಿಸಿ ಹೇಳುತ್ತಾರೆ:

“ನನ್ನ ಫೋಟೋ ಹಾಕಬ್ಯಾಡ್ರಿ. ಯಾರ ಮನ್ಯಾಗರೆ ಜಪಾನಿ ಬಂದೂಕ ಇದ್ರ ಕೊಡೂದು ಬಿಡೂದು ಅವರ ಖುಷಿ. ರಣದಾಗ ಕಸಗೊಂಡದ್ದು ಅಂತ ಹೇಳ್ಕೊಳ್ಳಲಿ, ನಾನೂ ಹೌದು ಅಂತೇನಿ. ಹೊಡೀಬ್ಯಾಡ್ರಿ ಅನ್ನೂದಿಷ್ಟ ದಪ್ಪ ಅಕ್ಷರದಾಗ ಹಾಕ್ರಿ. ಬಾಯಿ ಮುಚ್ಚೂದಿದ್ರ ಕರೀರಿ. ನಾ ಬರತೇನಿ.”