ಆ ಬಡಿತ ಯಾರದು

ಕಣ್ಣು ಅದುರಿತು, ಹಲ್ಲಿ ಲೊಚಗುಟ್ಟಿತು, ಮನಸ್ಸಿಗೆ ಮೊದಲೇ ತಿಳಿದುಬಿಟ್ಟಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅಂಥವರನ್ನು ಮೈದಾನದಲ್ಲಿ ನಾಲ್ಕು ಸುತ್ತು ಓಡಿಸಿದರೆ ಎಲ್ಲ ಬಿಟ್ಟುಹೋಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದೆ. ನಾನು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಜಂಬ ಅಂದುಕೊಂಡರೂ ಸರಿ, ಹೇಳಿಬಿಡುತ್ತೇನೆ: ಇವತ್ತಿಗೂ ಹತ್ತನೇ ತರಗತಿಯ ಹುಡುಗಿಯರು ಓಟದಲ್ಲಿ ನನ್ನನ್ನು ಹಿಂದೆ ಹಾಕಲು ಒದ್ದಾಡುತ್ತಾರೆ.

ಎದೆ ಡವಡವ ಹೊಡೆದುಕೊಂಡು ತಲೆ ತಿರುಗಿತು ಎಂದು ಯಾವ ಮಗು ಬಂದರೂ ಕಾರಣ ನಾನೇ ಹುಡುಕುತ್ತೇನೆ. ತಿಂಡಿ ತಿಂದೆಯಾ, ನೀರು ಕುಡಿದೆಯಾ, ನಿದ್ದೆ ಆಯಿತಾ, ಮೊನ್ನೆ ಜ್ವರ ಬಂದಿತ್ತಾ, ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದರಾ, ಯಾರಿಗಾದರೂ ಹೆದರಿದ್ದೀಯಾ? ಇಷ್ಟರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಆಸ್ಪತ್ರೆಗೆ ಕಳಿಸುತ್ತೇನೆ. ಕಾರಣವಿಲ್ಲದೆ ಎದೆ ಓಡುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಲೇ ಬಂದವಳು ನಾನು.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಶನಿವಾರ, ಗೌರಿಬಿದನೂರಿನಲ್ಲಿ ಕ್ರೀಡಾಕೂಟವಿತ್ತು. ನಮ್ಮ ಹುಡುಗಿಯರ ಖೋಖೋ ಇನ್ನೇನು ಶುರುವಾಗಬೇಕು. ನಾನು ಹೊಟ್ಟೆ ತುಂಬ ಇಡ್ಲಿ ತಿಂದು, ಗೆರೆಯ ಪಕ್ಕ ಸುಮ್ಮನೆ ನಿಂತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ನಾಡಿ ಹಿಡಿದರೆ ಎಣಿಸಲಾಗದಷ್ಟು ವೇಗ. ಮೈದಾನ ಗಿರ್ರನೆ ತಿರುಗಿತು, ಕೆಳಗೆ ಕೂತುಬಿಟ್ಟೆ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಆದರೂ ಮುಖಕ್ಕೆ ಧಗೆ ಹೊಡೆಯಿತು. ಜೊತೆಗೆ ಆಗ ತಾನೇ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಆ ಮೈದಾನದ ಸುತ್ತಮುತ್ತ ಹಿಪ್ಪುನೇರಳೆಯ ಒಂದು ಗಿಡವೂ ಇಲ್ಲ.

ಆ ವಾಸನೆ ನನಗೆ ಗೊತ್ತು. ಅದು ನಮ್ಮ ಹುಳುಮನೆಯದು. ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯ ಹಿಂದೆ ಪ್ರತ್ಯೇಕ ಕಟ್ಟಡದಲ್ಲಿ ಅತ್ತೆ ರೇಷ್ಮೆ ಹುಳು ಸಾಕುತ್ತಾರೆ. ಅವರ ಗೂಡು ಮಾರುಕಟ್ಟೆಗೆ ಬಂದರೆ ನೂಲು ತೆಗೆಯುವವರು ಮುಟ್ಟಿ ನೋಡಿ ತಲೆದೂಗುತ್ತಾರೆ. ಅದರ ಹಮ್ಮು ಅವರಿಗಿದೆ, ಇರಲೂ ಬೇಕು. "ಮಕ್ಕಳನ್ನ ಓಡ್ಸೋದೂ ಒಂದ್ ಕೆಲಸಾನೇನೇ?" ಎಂದು ನನ್ನನ್ನು ಕೆಣಕುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಹೆತ್ತ ತಾಯಿಯಾಗಿದ್ದರೆ ಕರುಳಿನ ಸಂಬಂಧ ಎನ್ನಬಹುದಿತ್ತು. ನಮ್ಮದು ಎಣ್ಣೆ ಸೀಗೆಕಾಯಿ.

ಅತ್ತೆಗೆ ಫೋನು ಮಾಡಿದೆ. ಎತ್ತಲಿಲ್ಲ. ಅದು ಹೊಸದೇನಲ್ಲ, ಹುಳುಗಳಿಗೆ ಸದ್ದಾಗಬಾರದು ಎಂದು ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ನಮ್ಮ ಯಜಮಾನರು ಟೊಮೆಟೊ ಹಾಕಿಕೊಂಡು ಚಿಂತಾಮಣಿಗೆ ಹೋಗಿದ್ದರು. ನಾನು ಸುಮ್ಮನಿರಬಹುದಿತ್ತು, ಎದೆ ಬಿಡಲಿಲ್ಲ. ಪಕ್ಕದ ಮನೆಯ ಮುನಿಯಮ್ಮನಿಗೆ ಫೋನು ಮಾಡಿ, ಹುಳುಮನೆಯ ಬಾಗಿಲು ತೆಗೆದು ಒಂದು ಸಲ ನೋಡಿ ಎಂದೆ.

"ನಾನ್ ಹೋಗಲ್ಲಮ್ಮಾ. ಹೊರಗಿನೋರು ಕಾಲಿಟ್ರೆ ಹುಳಕ್ಕೆ ದೃಷ್ಟಿ ಆಗ್ತದೆ ಅಂತಾರೆ ನಿಮ್ಮತ್ತೆ. ನಾಳೆ ಬೆಳೆ ಕೆಟ್ರೆ ನನ್ ತಲೆ ಮೇಲೆ ಬರ್ತದೆ. ಅಂಥಾದ್ದು ಏನಾಯ್ತು?"

ಏನಾಯ್ತು ಎಂದು ಹೇಳಲಿ? ಐವತ್ತು ಅರವತ್ತು ಕಿಲೋಮೀಟರು ದೂರದಲ್ಲಿ ಕೂತು, ನನಗೆ ಸೊಪ್ಪಿನ ವಾಸನೆ ಬರುತ್ತಿದೆ ಎನ್ನಲೇ? "ಬೈದರೆ ನನಗೆ ಬೈಲಿ. ಬೆಳೆ ಕೆಟ್ಟರೆ ನಾನಿದೀನಿ. ನೀವು ಬಾಗಿಲು ತೆಗೀರಿ," ಎಂದು ಮಕ್ಕಳನ್ನು ಗದರಿಸುವ ದನಿಯಲ್ಲೇ ಹೇಳಿದೆ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬಾಗಿಲು ಕಿರುಗುಟ್ಟಿದ್ದು ಕೇಳಿತು. ಮುನಿಯಮ್ಮ ಅಯ್ಯೋ ಎಂದರು, ಫೋನು ಎಲ್ಲೋ ಇಟ್ಟ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಎಲೆಯೂ ಅಲುಗದ ಆ ಮೈದಾನದಲ್ಲಿ ನನ್ನ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ವಾಸನೆ ಹೋಯಿತು. ಎದೆ ತಟ್ಟನೆ ತನ್ನ ಮಾಮೂಲು ನಡಿಗೆಗೆ ಬಂತು. ಅದಾದ ಮೇಲೆ ಮುನಿಯಮ್ಮನ ದನಿ ಕೇಳಿಸಿತು. "ಹುಳದ ತಟ್ಟೆಗಳ ಸಂದೀಲಿ ಬಿದ್ದೋಗಿದ್ರು ಕಣಮ್ಮಾ. ಕಿಟಕಿಯೆಲ್ಲಾ ತೆಗ್ದು, ಹೊರಕ್ಕೆ ಎಳ್ಕೊಂಡ್ ಬಂದಿದೀನಿ. ಉಸಿರಾಡ್ತಾವ್ರೆ."

ಆದದ್ದು ಇಷ್ಟು. ಮರಿಹುಳುಗಳು ಬೆಚ್ಚಗಿರಲೆಂದು ಅತ್ತೆ ಒಳಗೆ ಇದ್ದಿಲಿನ ಕೆಂಡವಿಟ್ಟು, ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿಚೀಲ ತುರುಕಿದ್ದರು. ಕೆಂಡದಿಂದ ಏಳುವ ಆ ವಿಷಗಾಳಿ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಎದೆ ಹೊಡೆದುಕೊಂಡು ತಲೆ ಸುತ್ತಿದಾಗ, ಶನಿವಾರದ ಒಪ್ಪತ್ತು, ಹೊಟ್ಟೆ ಖಾಲಿ, ಅದಕ್ಕೇ ಇರಬೇಕು ಎಂದುಕೊಂಡು ಸೊಪ್ಪು ಹಾಕುತ್ತಲೇ ಇದ್ದರಂತೆ. ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಸಂಜೆಯವರೆಗೂ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅತ್ತೆಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ಇಳಿಯುತ್ತದೆ. ನಾನು ಓಡಿಬಂದು ಮಂಚದ ಪಕ್ಕ ನಿಂತರೆ, ಮಾಸ್ಕ್ ಸರಿಸಿ ಕೇಳಿದ ಮೊದಲ ಮಾತು, "ಕಿಟಿಕೀಲು ಎವರೇ ತೀಸಿಂದಿ?" ಕಿಟಕಿ ತೆಗೆದವರು ಯಾರು ಅಂತ. ಹುಳಕ್ಕೆ ಶೀತವಾಗುತ್ತದಲ್ಲ. ನಾನು ಅಳುತ್ತಲೇ ನಕ್ಕೆ.

ಅತ್ತೆಯ ಎದೆಗೆ ಕಾರಣ ಸಿಕ್ಕಿತು, ನನ್ನದಕ್ಕೆ ಸಿಗಲಿಲ್ಲ. ಚಿಕ್ಕಬಳ್ಳಾಪುರದ ಡಾಕ್ಟರು ಇಸಿಜಿ, ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿದರು. ನಾನು ಮಕ್ಕಳನ್ನು ಕೇಳುವುದನ್ನೇ ನನ್ನನ್ನು ಕೇಳಿದರು. ಯಾವುದೂ ಹೊಂದಲಿಲ್ಲ. ಪಂದ್ಯದ ಗಾಬರಿ ಇದ್ದೀತು ಎಂದರು. ಗಾಬರಿಯಾಗುವಂಥ ತಂಡವಲ್ಲ ನಮ್ಮದು. ಅವತ್ತು ನಾನು ಅರ್ಧಕ್ಕೆ ಬಿಟ್ಟು ಬಂದರೂ ಹುಡುಗಿಯರು ಗೆದ್ದೇ ಬಂದರು. ಹೋಗಲಿ, ಗಾಬರಿಯೇ ಅಂದುಕೊಳ್ಳೋಣ. ಆ ಸೊಪ್ಪಿನ ವಾಸನೆ? ಕಿಟಕಿ ತೆರೆದ ಹೊತ್ತಿಗೆ ಸರಿಯಾಗಿ ಬಂದ ಆ ಗಾಳಿ? ಡಾಕ್ಟರು ರಿಪೋರ್ಟುಗಳನ್ನು ಮಡಚಿ ನನ್ನ ಕೈಗೆ ಕೊಟ್ಟರು. ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ, ಗೊತ್ತಾದವಳ ಹಾಗೆ ನಟಿಸುವುದೂ ಇಲ್ಲ.

ಮುನಿಯಮ್ಮ ಕಾಲಿಟ್ಟರೂ ಆ ಬೆಳೆ ಕೆಡಲಿಲ್ಲ. ಗೂಡು ಮಾರಲು ಹೋದಾಗ ಅತ್ತೆ ಮೊದಲ ಸಲ ನನ್ನನ್ನೂ ಕರೆದುಕೊಂಡು ಹೋದರು. ಸಿಕ್ಕಿದವರಿಗೆಲ್ಲ ನನ್ನ ತೋಳು ಹಿಡಿದು, "ನಮ್ ಸೊಸೆ. ಗೌರಿಬಿದನೂರಲ್ಲಿ ನಿಂತ್ಕೊಂಡು ನಮ್ಮನೆ ಕಿಟಕಿ ತೆಗ್ದೋಳು," ಎಂದರು. ನನ್ನ ಬೀರುವಿನಲ್ಲಿ ಪದಕಗಳು ಬೇಕಾದಷ್ಟಿವೆ. ಅವತ್ತಿನಷ್ಟು ಹೆಮ್ಮೆ ಒಂದರಿಂದಲೂ ಆಗಿಲ್ಲ.

ಈಗ ಹುಳುಮನೆಯಲ್ಲಿ ಒಂದು ಕಿಟಕಿ ಸದಾ ತೆರೆದಿರುತ್ತದೆ, ಅತ್ತೆಯ ಸೊಂಟದಲ್ಲಿ ಮೊಬೈಲು ಇರುತ್ತದೆ. ಬೆಳಿಗ್ಗೆ ಮಕ್ಕಳ ಜೊತೆ ಓಡುವಾಗ ಎದೆ ಜೋರಾಗಿ ಹೊಡೆದುಕೊಂಡರೆ, ಅದು ಓಟಕ್ಕೇ ಎಂದು ಗೊತ್ತಿದ್ದರೂ, ಪಕ್ಕಕ್ಕೆ ಸರಿದು ಅವರಿಗೆ ಫೋನು ಮಾಡುತ್ತೇನೆ. ಹಲೋ ಅನ್ನುವ ಅಭ್ಯಾಸ ಅವರಿಗಿಲ್ಲ.

"ಬದುಕಿದೀನಿ ಕಣೇ," ಎನ್ನುತ್ತಾರೆ. "ನೀನು ಓಡು."